ಎರಡು ಚಿಲ್ಲರೆ ಮಿಲಿಮೀಟರ್ ಲೆಕ್ಕ

ಬ್ರಿಟನ್ನಿನ ‘ಕ್ಲಾಸ್ 08’ ಶಂಟಿಂಗ್ ಡೀಸೆಲ್ ಇಂಜಿನ್‌ಗಳು 1952ರಿಂದ 1962ರವರೆಗೆ ತಯಾರಾದವು, ಒಟ್ಟು 996. ವೇಗ ಗಂಟೆಗೆ ಬರೀ 15-20 ಮೈಲಿ. ಯಾರ್ಡಿನಲ್ಲಿ ವ್ಯಾಗನ್ ತಳ್ಳೋದಕ್ಕೆ ಇನ್ನೆಷ್ಟು ಬೇಕು ಹೇಳಿ? ಹತ್ತಾರು ಇಂಜಿನ್‌ಗಳನ್ನು ಹವ್ಯಾಸಿಗಳು ಗುಜರಿಯಿಂದ ಉಳಿಸಿಕೊಂಡರು. ಮೊದಲನೆಯದಾದ 13000 ಕೂಡ ಉಳಿದಿದೆ.

ಇದರ ಆಟಿಕೆ (ಹಾಗಂದರೆ ಅವರಿಗೆ ಸಿಟ್ಟು, ಮಾದರಿ ಅನ್ನೋಣ) 1:76.2 ಅಳತೆಯದು. ಬ್ಯಾಂಕಿನವರು ಟ್ಯಾಲಿ ಮಾಡದೆ ಬಿಡೋದುಂಟೆ? ನಿಜವಾದ ಹಳಿಯ ಅಗಲ 1435 ಮಿ.ಮೀ. ಮಾದರಿಗೆ 18.83 ಬರಬೇಕು, ಇರೋದು 16.5! ಬ್ರಿಟನ್ನಿನ ಇಂಜಿನ್‌ಗಳು ಯುರೋಪಿನವಕ್ಕಿಂತ ಸಣ್ಣವು, ಹಿಂದಿನ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮೈ ಮಾತ್ರ ದೊಡ್ಡದು ಮಾಡಿ ಹಳಿಯನ್ನು ಹಾಗೇ ಬಿಟ್ಟರು. ಆಮೇಲೆ ಮೋಟಾರು ಸಣ್ಣದಾಯಿತು, ಆದರೆ ಅಷ್ಟರಲ್ಲಿ ಮನೆಮನೆಯಲ್ಲಿ ಹಳಿ ಬಿದ್ದಾಗಿತ್ತು. 08ರ ಚೌಕಟ್ಟು ಚಕ್ರದ ಹೊರಗಡೆ ಇರುವುದರಿಂದ, ಪಕ್ಕದಿಂದ ನೋಡಿದರೆ ಈ ಕೊರತೆ ಅಷ್ಟಾಗಿ ಕಾಣೋದಿಲ್ಲ. ಎದುರಿನಿಂದ ನೋಡಬೇಕು.