ಹೊಲಿಗೆ ತಾಸು ಮತ್ತು ಒಂದು ಕುಲಾವಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಕಟ್ಟಡ ಎದ್ದ ಕಥೆ, ಮುಖ್ಯಾಧ್ಯಾಪಕರ ಯಾದಿ, ಎಸ್.ಎಸ್.ಎಲ್.ಸಿ. ಫಲಿತಾಂಶ, ಕಬಡ್ಡಿಯಲ್ಲಿ ಗೆದ್ದ ಢಾಲುಗಳು ಇವನ್ನೆಲ್ಲ ಬರೆಯುವವರು ಬೇರೆ ಇದ್ದಾರೆ. ನಾನು ಆರಿಸಿಕೊಂಡದ್ದು ಒಂದು ವಹಿಯನ್ನು. ಅದರಲ್ಲಿ ಅಕ್ಷರಗಳು ಕಡಿಮೆ, ದಾರ ಹೆಚ್ಚು.

1980ರ ದಶಕದ ಆರಂಭದಲ್ಲಿ ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯರಿಗೆ ಆ ವಹಿ ನೆನಪಿರಬೇಕು. ಖಾಕಿ ರಟ್ಟಿನ ದಪ್ಪ ಹಾಳೆಗಳು, ಒಂದೊಂದು ಹಾಳೆಗೆ ಹೊಲಿದು ಕೂಡಿಸಿದ ಒಂದೊಂದು ಮಾದರಿ: ಕಾಜು, ತೇಪೆ, ಹೆಮ್ಮಿಂಗು, ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂಥಿ. ಕೊನೆಯ ಹದಿನಾಲ್ಕು ಹಾಳೆಗಳಲ್ಲಿ ಕ್ರೋಶಾ. ಎಲ್ಲರೂ ಹೊಲಿಗೆ ಅಕ್ಕೋರು ಎಂದೇ ಕರೆಯುತ್ತಿದ್ದ ನಮ್ಮ ಶಿಕ್ಷಕಿ ಅದನ್ನು ತಾವು ಟ್ರೇನಿಂಗ್ ಮಾಡುವಾಗ ತಯಾರಿಸಿದ್ದರು. ನಿವೃತ್ತರಾದ ಮೇಲೆ ನನ್ನ ಕೈಗೆ ಕೊಟ್ಟರು. ನಾನು ಈ ವರ್ಷ ಅದರ ಹನ್ನೊಂದನೆಯ ಕ್ರೋಶಾ ಮಾದರಿಯನ್ನು ನೋಡಿ ನನ್ನ ತಮ್ಮನ ಮೊಮ್ಮಗಳಿಗೆ ಒಂದು ಕುಲಾವಿ ಹೆಣೆದೆ. ಆ ಕುಲಾವಿಯ ನೆಪದಲ್ಲಿ ಹೊಲಿಗೆ ತಾಸಿನ ಇತಿಹಾಸ ಬರೆಯುತ್ತಿದ್ದೇನೆ.

ನಮ್ಮ ಊರಿಗೂ ದಾರಕ್ಕೂ ಸಂಬಂಧ ಹಳೆಯದು. ರಾಯರ ಹುಬ್ಬಳ್ಳಿ ಎನಿಸಿಕೊಂಡಿದ್ದ ಈ ಭಾಗ ವಿಜಯನಗರದ ಕಾಲಕ್ಕೇ ಹತ್ತಿಯ ವ್ಯಾಪಾರಕ್ಕೆ ಹೆಸರಾಗಿತ್ತು. 1727ರಲ್ಲಿ ಬಸಪ್ಪ ಶೆಟ್ಟರು ದುರ್ಗದಬೈಲಿನ ಸುತ್ತ ಹೊಸ ಪೇಟೆ ಕಟ್ಟಿದ ಮೇಲೆ ನಮ್ಮದು 'ಹಳೇ' ಹುಬ್ಬಳ್ಳಿಯಾಯಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಚಕ್ಕಡಿ ಏರಿ ಘಟ್ಟ ಇಳಿದು ಕುಮಟಾ, ಕಾರವಾರ ಬಂದರುಗಳಿಂದ ಮುಂಬಯಿಗೂ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೂ ಹೋಯಿತು. ಇಂದಿಗೂ ನೇಕಾರನಗರ ಎಂಬ ಹೆಸರು ನಮ್ಮ ಶಾಲೆಯ ಮಕ್ಕಳ ವಿಳಾಸದಲ್ಲಿ ಇರುತ್ತದೆ. 1957ರಲ್ಲಿ ಆರಂಭವಾದ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಆದರೆ ಕ್ರೋಶಾ ಈ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಕಸೂತಿ ನಮ್ಮದು, ಕ್ರೋಶಾ ಬಂದದ್ದು.

ಕ್ರೋಶಾ ಎಂದರೆ ಫ್ರೆಂಚ್ ಭಾಷೆಯಲ್ಲಿ ಸಣ್ಣ ಕೊಕ್ಕೆ. ಯುರೋಪಿನಲ್ಲಿ ಅದರ ಮಾದರಿಗಳು ಪುಸ್ತಕವಾಗಿ ಅಚ್ಚಾಗತೊಡಗಿದ್ದು 19ನೆಯ ಶತಮಾನದ ಮೊದಲ ಭಾಗದಲ್ಲಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಿದ್ದಾಗ, ಅಲ್ಲಿಯ ಸನ್ಯಾಸಿನಿಯರು ಬಡ ಹೆಂಗಸರಿಗೆ, ಮಕ್ಕಳಿಗೆ ಈ ಕೆಲಸ ಕಲಿಸಿ ಹೊಟ್ಟೆಗೆ ದಾರಿ ಮಾಡಿದರು. ಒಂದು ಕೊಕ್ಕೆ, ಒಂದು ದಾರದುಂಡೆ ಇಷ್ಟೇ ಬಂಡವಾಳ. ಮಗ್ಗ ಬೇಡ, ಜಾಗ ಬೇಡ, ದೀಪದ ಬುಡದಲ್ಲೂ ಕೂತು ಮಾಡಬಹುದು. ಮಿಶನರಿಗಳು ಇದನ್ನು ಹೋದ ಹೋದ ದೇಶಕ್ಕೆ ಒಯ್ದದ್ದರಲ್ಲಿ ಆಶ್ಚರ್ಯವಿಲ್ಲ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದಷ್ಟೇ ಸೂಜಿಗೆಲಸಕ್ಕೂ ಮಹತ್ವವಿತ್ತು.

ಸರಕಾರಿ ಶಾಲೆಗೆ ಕೈಗೆಲಸ ಬಂದ ದಾರಿ ಬೇರೆ. 1937ರ ಅಕ್ಟೋಬರದಲ್ಲಿ ವರ್ಧಾದಲ್ಲಿ ಗಾಂಧೀಜಿ ಕರೆದ ಪರಿಷತ್ತು, ಅದರ ಬೆನ್ನಿಗೆ ಝಾಕಿರ್ ಹುಸೇನರ ಸಮಿತಿ, ಮಗು ಕೈಯಿಂದ ದುಡಿಯುತ್ತ ಕಲಿಯಬೇಕು ಎಂದು ಹೇಳಿದವು. ಆಗ ನಾವಿದ್ದದ್ದು ಮುಂಬಯಿ ಪ್ರಾಂತದಲ್ಲಿ. ಆ ಪ್ರಾಂತ ಮೂಲಶಿಕ್ಷಣವನ್ನು ಬೇಗ ಕೈಗೆತ್ತಿಕೊಂಡಿತು. ತಕಲಿ ಹಿಡಿದು ನೂತ ನೆನಪು ನಮ್ಮ ತಂದೆಯವರ ತಲೆಮಾರಿನವರಿಗೆ ಇತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ವರದಿಯಿಂದ ಎಸ್.ಯು.ಪಿ.ಡಬ್ಲ್ಯೂ. ಎಂಬ ಉದ್ದ ಹೆಸರಿನ ವಿಷಯ ಬಂತು. ವೇಳಾಪತ್ರಿಕೆಯಲ್ಲಿ ಅದೇ ಹೆಸರಿದ್ದರೂ ನಮ್ಮ ಬಾಯಲ್ಲಿ ಅದು ಹೊಲಿಗೆ ತಾಸೇ. ಹುಡುಗರಿಗೆ ಆ ಹೊತ್ತಿನಲ್ಲಿ ತೋಟದ ಕೆಲಸ. ಅವರು ಕಿಟಕಿಯಲ್ಲಿ ನಿಂತು ನಮ್ಮನ್ನು ಅಣಕಿಸುತ್ತಿದ್ದರು. ನಮಗೆ ತೋಟಕ್ಕೆ ಹೋಗುವ ಆಸೆ ಇತ್ತೇ ಎಂದು ಯಾರೂ ಕೇಳಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಈಗ ಮಾದರಿಯ ವಿಷಯ. ಅಂಗಡಿಯಲ್ಲಿ ಸಿಗುತ್ತಿದ್ದ ಕ್ರೋಶಾ ಪುಸ್ತಕಗಳು ಇಂಗ್ಲಿಷಿನವು ಇಲ್ಲವೆ ಮರಾಠಿಯವು. ಇಂಗ್ಲಿಷ್ ಪುಸ್ತಕದಲ್ಲಿ ಒಂದು ತೊಡಕಿದೆ. ಇಂಗ್ಲೆಂಡಿನವರು 'ಡಬಲ್' ಎಂದು ಕರೆಯುವ ಹೆಣಿಗೆಯನ್ನು ಅಮೆರಿಕದವರು 'ಸಿಂಗಲ್' ಎನ್ನುತ್ತಾರೆ. ಇವರ 'ಟ್ರೆಬಲ್' ಅವರಿಗೆ 'ಡಬಲ್'. ಇಂಗ್ಲೆಂಡಿನ ಹಳೆಯ ಪುಸ್ತಕವನ್ನು ಅಮೆರಿಕದ ಲೆಕ್ಕದಲ್ಲಿ ಓದಿಕೊಂಡರೆ ಒಂದೊಂದು ಕಂಬವೂ ಉದ್ದವಾಗಿ, ಚಪ್ಪಟೆಯಾಗಬೇಕಾದ ಚಕ್ರ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ. ಅಕ್ಕೋರು ಪುಸ್ತಕವನ್ನು ತರಗತಿಗೆ ತರುತ್ತಲೇ ಇರಲಿಲ್ಲ. ಅವರ ಮಾತಿನಲ್ಲಿ ಇದ್ದದ್ದು ಮೂರೇ ಶಬ್ದ: ಸರಪಳಿ, ಮೂಕ ಕಂಬ, ಕಂಬ. ಮರಾಠಿಯ ಸಾಖಳಿ, ಮುಕಾ ಖಾಂಬ, ಖಾಂಬಗಳನ್ನು ಅವರು ಕನ್ನಡಕ್ಕೆ ತಿರುಗಿಸಿಕೊಂಡಿದ್ದರು. ಮೂಕ ಕಂಬ ಗಿಡ್ಡ, ಕಂಬ ಅದರ ಇಮ್ಮಡಿ ಎತ್ತರ. ಉಳಿದದ್ದೆಲ್ಲ ಮಾದರಿಯನ್ನು ಬೆಳಕಿಗೆ ಹಿಡಿದು ಎಣಿಸಿಕೊಳ್ಳಬೇಕು. ಹೆಣೆದ ತುಂಡು ಯಾವ ಭಾಷೆಯಲ್ಲೂ ತಪ್ಪು ಅರ್ಥ ಕೊಡುವುದಿಲ್ಲ. ನಮ್ಮ ಓಣಿಗಳಲ್ಲಿ ಕ್ರೋಶಾ ಹರಡಿದ್ದೇ ಹೀಗೆ, ಮನೆಯಿಂದ ಮನೆಗೆ ಎರವಲು ಹೋದ ಅಂಗೈ ಅಗಲದ ತುಂಡುಗಳಿಂದ. ರೇಡಿಯೋದ ಮುಸುಕು, ಬಾಗಿಲ ತೋರಣ, ಕರವಸ್ತ್ರದ ಅಂಚು ಎಲ್ಲ ಅಂಥ ತುಂಡುಗಳ ಮಕ್ಕಳೇ.

ಹನ್ನೊಂದನೆಯ ಮಾದರಿ ಒಂದು ಬಿಳಿ ಚಕ್ರ. ಎಣಿಸಿದರೆ ಹೀಗಿದೆ. ಆರು ಸರಪಳಿ ಹಾಕಿ ಉಂಗುರ ಮಾಡಬೇಕು. ಉಂಗುರದೊಳಗೆ ಹನ್ನೆರಡು ಕಂಬ (ಸುತ್ತಿನ ಆರಂಭದ ಮೂರು ಸರಪಳಿಯೇ ಮೊದಲ ಕಂಬ). ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ತಲೆಯಲ್ಲಿ ಎರಡು, ಒಟ್ಟು 24. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, 36. ನಾಲ್ಕನೆಯದರಲ್ಲಿ ಪ್ರತಿ ಮೂರನೆಯ ಕಂಬದಲ್ಲಿ ಎರಡು, 48. ಹೀಗೆ ಸುತ್ತಿಗೆ ಹನ್ನೆರಡು ಏರುತ್ತ ಹೋಗುತ್ತದೆ.

ಹನ್ನೆರಡೇ ಯಾಕೆ? ಅಕ್ಕೋರು ಇದನ್ನು ಗಣಿತದ ಸರ್‌ಗೆ ಕೇಳಿಕೊಂಡು ಬರಲು ನಮ್ಮನ್ನು ಕಳಿಸಿದ್ದರು. ಸರ್ ಮೊದಲು ನಕ್ಕರು, ಆಮೇಲೆ ಬೋರ್ಡಿನ ಮೇಲೆ ವೃತ್ತ ಬರೆದರು. ವೃತ್ತದ ತ್ರಿಜ್ಯ ಒಂದು ಅಳತೆ ಹೆಚ್ಚಿದರೆ ಪರಿಧಿ ಅದರ 6.28ರಷ್ಟು ಹೆಚ್ಚಬೇಕು. ಮೂಕ ಕಂಬದ ಎತ್ತರ ಅಗಲ ಹೆಚ್ಚುಕಡಿಮೆ ಸಮ, ಆದ್ದರಿಂದ ಸುತ್ತಿಗೆ ಆರು ಏರಿಸಿದರೆ ಸಾಕು. ಕಂಬದ ಎತ್ತರ ಅಗಲದ ಸುಮಾರು ಎರಡು ಪಟ್ಟು, ಆದ್ದರಿಂದ ಹನ್ನೆರಡು. ಕಡಿಮೆ ಏರಿಸಿದರೆ ಚಕ್ರ ಬಟ್ಟಲಾಗುತ್ತದೆ, ಹೆಚ್ಚು ಏರಿಸಿದರೆ ಅಂಚು ನಿರಿಗೆಯಾಗುತ್ತದೆ. ಪೈ ಎಂಬುದು ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ ಎಂದು ನಮಗೆ ತಿಳಿದದ್ದು ಆ ದಿನ. ಬರೆದಿಟ್ಟ ಸೂತ್ರ ಗೊತ್ತಿಲ್ಲದ ನೂರಾರು ಹೆಂಗಸರು ಅದಕ್ಕೂ ಮೊದಲೇ ಆ ಲೆಕ್ಕವನ್ನು ಕೈಯಲ್ಲಿ ಇಟ್ಟುಕೊಂಡಿದ್ದರು.

ದಾರದ ನಂಬರೂ ಒಂದು ಪಾಠವೇ. 20ನೇ ನಂಬರಿನ ದಾರ ದಪ್ಪ, 40 ಅದಕ್ಕಿಂತ ತೆಳು. ನಂಬರು ಏರಿದರೆ ದಾರ ಸಣ್ಣದಾಗುವುದು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಹತ್ತಿ ನೂಲಿನ ಲೆಕ್ಕದ ರೀತಿಯೇ ಹಾಗೆ. ಒಂದು ಪೌಂಡಿಗೆ 840 ಗಜದ ಎಷ್ಟು ಲಡಿ ತೂಗುತ್ತವೋ ಅದೇ ನಂಬರು. ನೇಕಾರರ ಮನೆಯ ಹುಡುಗಿಯರು ಇದನ್ನು ಮಾಸ್ತರರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ನಾನು ಈ ಸಲ ಬಳಸಿದ್ದು 20ನೇ ನಂಬರಿನ ಬಿಳಿ ದಾರ. ಕೂಸಿಗೆ ಚುಚ್ಚಬಾರದೆಂದು ಮೊದಲು ಬಿಸಿನೀರಲ್ಲಿ ನೆನೆಸಿ ಒಣಗಿಸಿಕೊಂಡೆ.

ಚಕ್ರದಿಂದ ಮುಂದೆ ದಾರಿ ಎರಡಾಗುತ್ತದೆ. ಅಗಲ ನಾಲ್ಕು ಇಂಚು ಆದಾಗ ಏರಿಸುವುದನ್ನು ನಿಲ್ಲಿಸಿ, ಸುತ್ತಿನ ನಾಲ್ಕರಲ್ಲಿ ಒಂದು ಪಾಲನ್ನು ಕತ್ತಿನ ಕಡೆ ಬಿಟ್ಟು, ಉಳಿದ ಮೂರು ಪಾಲಿನ ಮೇಲೆ ಹೋಗಿ ಬಂದು ಹೆಣೆದರೆ ಕುಲಾವಿ. ಕಿವಿ ಮುಚ್ಚುವಷ್ಟು ಬಂದ ಮೇಲೆ ಅಂಚು ಕಟ್ಟಿ, ಗಲ್ಲದ ಕೆಳಗೆ ಕಟ್ಟಲು ಎರಡು ಲಾಡಿ. ಅದೇ ಚಕ್ರವನ್ನು ಏಳು ಇಂಚಿನವರೆಗೆ ಬೆಳೆಸಿ, ಏನನ್ನೂ ಬಿಡದೆ ಸುತ್ತಲೂ ನೇರ ಇಳಿಸಿದರೆ ದೊಡ್ಡವರು ನಮಾಜಿಗೆ ಹಾಕಿಕೊಳ್ಳುವ ಜಾಳಿ ಟೊಪ್ಪಿಗೆ. 56 ಸೆಂಟಿಮೀಟರ್ ಸುತ್ತಳತೆಯ ತಲೆಗೆ 18 ಸೆಂಟಿಮೀಟರ್ ಅಗಲದ ಚಕ್ರ. ಮತ್ತೆ ಅದೇ ಪೈ. ನಮ್ಮ ತರಗತಿಯಲ್ಲಿ ಅರ್ಧ ಹುಡುಗಿಯರು ಕುಲಾವಿ ಮಾಡಿದರು, ಅರ್ಧ ಹುಡುಗಿಯರು ಟೊಪ್ಪಿಗೆ ಮಾಡಿದರು. ಐದನೆಯ ಸುತ್ತಿನವರೆಗೆ ಯಾರದು ಏನಾಗುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ.

ಖಣದ ಕುಲಾವಿ, ಬೆನ್ನ ಮೇಲೆ ಇಳಿಬಿದ್ದ ಕುಂಚಿಗೆ ನಮ್ಮ ಕಡೆ ಹಳೆಯವು. ತೊಟ್ಟಿಲ ಕಾರ್ಯಕ್ಕೆ ಸೋದರತ್ತೆ ಕೈ ಬೀಸಿಕೊಂಡು ಬರುವ ಹಾಗಿರಲಿಲ್ಲ. ಕ್ರೋಶಾ ಬಂದ ಮೇಲೆ ಖಣದ ಜಾಗಕ್ಕೆ ದಾರ ಬಂತು, ಹೆಸರು ಮಾತ್ರ ಕುಲಾವಿಯೇ ಉಳಿಯಿತು. ಬೇಸಿಗೆಯಲ್ಲಿ ತೂತುಗಳಿಂದ ಗಾಳಿಯಾಡುತ್ತದೆ, ಒಗೆದರೆ ಬಣ್ಣ ಬಿಡುವ ಚಿಂತೆಯಿಲ್ಲ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿಯೊಬ್ಬಳು ಒಂಬತ್ತನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟಳು. ಮದುವೆಯಾಯಿತು. ಶಾಲೆಯಿಂದ ಅವಳು ಒಯ್ದದ್ದು ಟಿ.ಸಿ. ಅಲ್ಲ, ಹನ್ನೊಂದನೆಯ ಮಾದರಿಯ ಒಂದು ನಕಲು. ಇಪ್ಪತ್ತು ವರ್ಷ ಟೊಪ್ಪಿಗೆ ಹೆಣೆದಳು. ರಮಜಾನಿನ ಮುಂಚಿನ ಎರಡು ತಿಂಗಳು ರಾತ್ರಿ ಹನ್ನೆರಡಕ್ಕೆ ಮೊದಲು ಕೊಕ್ಕೆ ಕೆಳಗಿಟ್ಟದ್ದಿಲ್ಲ. ಮಗಳ ಡಿ.ಎಡ್. ಫೀ ಕಟ್ಟಿದ್ದು ಆ ದುಡ್ಡಿನಿಂದ. ಈ ಲೇಖನಕ್ಕಾಗಿ ಅವಳ ಮನೆಗೆ ಹೋಗಿ, ಬಿಡುವಿನ ವೇಳೆಯಲ್ಲಿ ಮಾಡುತ್ತಿದ್ದಿಯಲ್ಲ ಎಂದು ಮಾತು ತೆಗೆದೆ.

"ಬಿಡುವಿನ ಹೊತ್ತು ಅಂತ ಬರಿಬ್ಯಾಡವಾ. ನನಗ ಬಿಡುವು ಎಲ್ಲಿತ್ತು? ನಿದ್ದಿ ಹೊತ್ತು ಅಂತ ಬರಿ" ಎಂದಳು.

ಇದೇ ಮಾತನ್ನು ಒಬ್ಬ ವಿದ್ವಾಂಸೆ ಇಡೀ ಪುಸ್ತಕವಾಗಿ ಬರೆದಿದ್ದಾರೆ. ಆಂಧ್ರದ ಗೋದಾವರಿ ದಂಡೆಯ ನರಸಾಪುರದಲ್ಲಿ 19ನೆಯ ಶತಮಾನದಲ್ಲಿ ಮಿಶನರಿಗಳು ಕಲಿಸಿದ ಕ್ರೋಶಾ ಲೇಸು ದೊಡ್ಡ ರಫ್ತು ಉದ್ಯಮವಾಗಿ ಬೆಳೆಯಿತು. ಜರ್ಮನಿಯ ಮಾರಿಯಾ ಮೀಸ್ ಅಲ್ಲಿಯ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಮನೆಗೆಲಸ ಮುಗಿಸಿ ದಿನಕ್ಕೆ ಆರೆಂಟು ತಾಸು ಹೆಣೆಯುವ ಹೆಂಗಸರನ್ನು ವ್ಯಾಪಾರಿಗಳು 'ಬಿಡುವಿನ ವೇಳೆಯ ಗೃಹಿಣಿಯರು' ಎಂದು ಲೆಕ್ಕ ಹಿಡಿದದ್ದರಿಂದಲೇ ಕೂಲಿ ಅಷ್ಟು ಕಡಿಮೆ ಉಳಿಯಿತು ಎಂಬುದು ಅವರ ವಾದ. ನನಗೆ ಆ ವಾದ ಸರಿಯೆನಿಸುತ್ತದೆ. ಹೆಣಿಗೆಗೆ ಯಂತ್ರ ಬಂದಿದೆ, ಲೇಸಿಗೂ ಬಂದಿದೆ. ಆದರೆ ಕ್ರೋಶಾವನ್ನು ಕಾರ್ಖಾನೆಯಲ್ಲಿ ಹೊರತೆಗೆಯುವ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ. ದುರ್ಗದಬೈಲಿನ ಸಂತೆಯಲ್ಲಿ ಎಷ್ಟೇ ಅಗ್ಗಕ್ಕೆ ಒಂದು ಕ್ರೋಶಾ ಟೊಪ್ಪಿಗೆ ಸಿಕ್ಕರೂ ಅದರ ಪ್ರತಿ ಕಂಬವನ್ನೂ ಯಾರೋ ಒಬ್ಬರು ಕೈಯಿಂದಲೇ ಎತ್ತಿರುತ್ತಾರೆ. ಚೌಕಾಸಿ ಮಾಡುವಾಗ ನಮಗೆ ಇದು ನೆನಪಾಗುವುದಿಲ್ಲ.

ಅಕ್ಕೋರು ನಿವೃತ್ತರಾದ ಮೇಲೆ ಹೊಲಿಗೆ ಶಿಕ್ಷಕಿಯ ಜಾಗಕ್ಕೆ ಯಾರೂ ಬರಲಿಲ್ಲ. ಆ ತಾಸು ಗಣಿತಕ್ಕೆ ಹೋಯಿತು, ಕೋಣೆ ಕಂಪ್ಯೂಟರಿಗೆ ಹೋಯಿತು. ಎರಡೂ ಬೇಕಾದವೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹುಡುಗರಿಗೂ ಹುಡುಗಿಯರಿಗೂ ಕೂಡಿಸಿ ವಾರಕ್ಕೊಂದು ತಾಸು ಕೈಗೆಲಸ ಉಳಿಸಿಕೊಂಡಿದ್ದರೆ ವೃತ್ತದ ಪಾಠವಾದರೂ ಸುಲಭವಾಗುತ್ತಿತ್ತು ಎಂದು ಈಗಿನ ಗಣಿತ ಶಿಕ್ಷಕರೇ ಹೇಳುತ್ತಾರೆ.

ವಹಿಯನ್ನು ಈ ಮಹೋತ್ಸವದ ದಿನ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದೇನೆ. ಹದಿನಾಲ್ಕು ಮಾದರಿಗಳ ಎಣಿಕೆಯನ್ನು ಕನ್ನಡದಲ್ಲಿ ಬರೆದು ಒಳಗೆ ಇಟ್ಟಿದ್ದೇನೆ. ಸರಪಳಿ, ಮೂಕ ಕಂಬ, ಕಂಬ ಎಂಬ ಅಕ್ಕೋರ ಶಬ್ದಗಳಲ್ಲೇ ಬರೆದಿದ್ದೇನೆ. ಕೊನೆಯಲ್ಲಿ ಆರು ಹಾಳೆ ಖಾಲಿ ಬಿಟ್ಟಿದೆ. ತಾಯಿಯ ಟ್ರಂಕಿನಲ್ಲೋ ಅಜ್ಜಿಯ ಗಂಟಿನಲ್ಲೋ ಹಳೆಯ ಕ್ರೋಶಾ ತುಂಡು ಇದ್ದವರು ತಂದು ಕೊಟ್ಟರೆ ಹೊಲಿದು ಸೇರಿಸಬಹುದು. ಗೆಳತಿಯ ಟೊಪ್ಪಿಗೆಯೊಂದು ಈಗಾಗಲೇ ಮೊದಲ ಖಾಲಿ ಹಾಳೆಯ ಮೇಲಿದೆ. ಅದರಲ್ಲಿ ಒಟ್ಟು ಹದಿನೈದು ಸುತ್ತು.