ಐರಿಷ್ ವಲಸೆ: ತೊರೆದ ನೆಲ, ಸೇರಿದ ನೆಲ

ವಲಸೆಯನ್ನು ಕುರಿತ ಅಧ್ಯಯನಗಳಲ್ಲಿ ಜನರನ್ನು ಬರಮಾಡಿಕೊಂಡ ದೇಶದ ಕಥನವೇ ಮುಂದಾಗಿ, ಜನರನ್ನು ಕಳೆದುಕೊಂಡ ದೇಶದ ಸ್ಥಿತಿ ಹಿನ್ನೆಲೆಗೆ ಸರಿಯುವುದುಂಟು. ಐರ್ಲೆಂಡಿನ ಮಟ್ಟಿಗೆ ಹಾಗೆ ಸರಿಸುವುದು ಸಾಧ್ಯವಿಲ್ಲ. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಆ ದ್ವೀಪದ ಜನಸಂಖ್ಯೆ 1851ರಲ್ಲಿ 65 ಲಕ್ಷಕ್ಕೂ 1911ರಲ್ಲಿ 44 ಲಕ್ಷಕ್ಕೂ ಇಳಿಯಿತು.

1845ರಲ್ಲಿ ಆಲೂಗಡ್ಡೆಯ ಬೆಳೆಗೆ ತಗುಲಿದ ಅಂಗಮಾರಿ ರೋಗ ಈ ಕುಸಿತದ ಆರಂಭ. ಆದರೆ ರೋಗವೊಂದೇ ಕಾರಣವಲ್ಲ. ಕಾಲು ಎಕರೆಗಿಂತ ಹೆಚ್ಚು ಗೇಣಿಭೂಮಿ ಉಳ್ಳವರಿಗೆ ಸಾರ್ವಜನಿಕ ಪರಿಹಾರ ಸಲ್ಲದೆಂದು 1847ರ ಕಾನೂನು ವಿಧಿಸಿತು. ಅನ್ನಕ್ಕಾಗಿ ನೆಲ ಬಿಡಬೇಕು, ನೆಲಕ್ಕಾಗಿ ಅನ್ನ ಬಿಡಬೇಕು ಎಂಬ ಇಕ್ಕಟ್ಟಿನಲ್ಲಿ ಸಣ್ಣ ಗೇಣಿದಾರರು ಸಿಲುಕಿದರು. ಕ್ಷಾಮದ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಹಡಗಿನ ದರ ತೆರಲಾರದ ಕಡುಬಡವರು ಬಹುಪಾಲು ಅಲ್ಲಿಯೇ ಸತ್ತರೆಂಬುದನ್ನು ಮರೆಯಲಾಗದು.

ವಲಸೆಯಿಂದ ಉಳಿದವರಿಗೆ ಒಳಿತಾಯಿತೆಂಬ ವಾದವೊಂದಿದೆ. ಕೃಷಿ ಕಾರ್ಮಿಕರ ಕೂಲಿ ಏರಿದ್ದು ನಿಜ. ಅಮೆರಿಕದಿಂದ ಬಂದ ಹಣವೂ ಅಲ್ಪವಲ್ಲ. 1852ರಲ್ಲಿ ಅದು 10 ಲಕ್ಷ ಪೌಂಡುಗಳನ್ನು ಮೀರಿತ್ತು. ಆದರೆ ಆ ಹಣದ ದೊಡ್ಡ ಪಾಲು ತಮ್ಮನನ್ನೋ ತಂಗಿಯನ್ನೋ ಕರೆಸಿಕೊಳ್ಳುವ ಟಿಕೆಟ್ಟಿಗೆ ವ್ಯಯವಾಯಿತು. ಒಂದು ವಲಸೆಯೇ ಮುಂದಿನ ವಲಸೆಗೆ ಬಂಡವಾಳವಾಯಿತು. ತುಂಡು ಹಿಡುವಳಿಗಳು ಕೂಡಿ ಹುಲ್ಲುಗಾವಲಾದವು. ಉಳಿದವರಲ್ಲಿ ಮದುವೆ ತಡವಾಯಿತು, ಹಲವರಿಗೆ ಆಗಲೇ ಇಲ್ಲ. ಹೊರಡುವವರ ಮುನ್ನಾ ರಾತ್ರಿ ಹಳ್ಳಿಗರು ನೆರೆದು ಸತ್ತವರಿಗೆ ಮಾಡುವಂತೆ ಜಾಗರಣೆ ಮಾಡುತ್ತಿದ್ದರು. ಅದಕ್ಕೆ 'ಅಮೆರಿಕನ್ ವೇಕ್' ಎಂದೇ ಹೆಸರು.

ಕೂಲಿಯ ಲೆಕ್ಕದಲ್ಲಿ ಕಾಣದ ನಷ್ಟವೆಂದರೆ ಭಾಷೆಯದು. ಕ್ಷಾಮ ತೀವ್ರವಾಗಿ ತಟ್ಟಿದ ಪಶ್ಚಿಮದ ಪ್ರದೇಶಗಳೇ ಐರಿಷ್ ನುಡಿಯ ನೆಲೆಗಳು. 1851ರಲ್ಲಿ ಸುಮಾರು 15 ಲಕ್ಷವಿದ್ದ ಅದರ ಭಾಷಿಕರು 1911ರ ವೇಳೆಗೆ 6 ಲಕ್ಷಕ್ಕಿಂತ ಕಡಿಮೆಯಾದರು. ಮಕ್ಕಳು ಹಡಗು ಹತ್ತುವರೆಂದು ತಿಳಿದ ತಾಯ್ತಂದೆಯರಿಗೆ ಇಂಗ್ಲಿಷ್ ಕಲಿಸುವುದು ವಿವೇಕವಾಗಿ ತೋರಿತು.

ಸೇರಿದ ನೆಲದ ಅನುಭವವೂ ಏಕರೂಪವಾದುದಲ್ಲ. 1855ರಲ್ಲಿ ನ್ಯೂಯಾರ್ಕ್ ನಗರದ ನಿವಾಸಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ಐರ್ಲೆಂಡಿನಲ್ಲಿ ಹುಟ್ಟಿದವರು. ರೈಲುಮಾರ್ಗ, ಬಂದರು, ಮನೆಗೆಲಸ ಅವರ ಶ್ರಮದ ಮೇಲೆ ನಿಂತವು. ಕ್ಯಾಥೊಲಿಕ್ ವಲಸಿಗರನ್ನು ವಿರೋಧಿಸಿದ 'ನೋ ನಥಿಂಗ್' ಪಕ್ಷ 1854ರಲ್ಲಿ ಮ್ಯಾಸಚೂಸೆಟ್ಸ್ ಚುನಾವಣೆಯನ್ನು ಗೆದ್ದಿತು. ದ್ವೇಷಕ್ಕೊಳಗಾದವರು ದ್ವೇಷಿಸಲಾರರೆಂಬುದು ಭ್ರಮೆ: 1863ರ ಜುಲೈನಲ್ಲಿ ಸೈನ್ಯ ಭರ್ತಿಯ ವಿರುದ್ಧ ನ್ಯೂಯಾರ್ಕಿನಲ್ಲಿ ನಡೆದ ಗಲಭೆಯಲ್ಲಿ ಐರಿಷ್ ಕಾರ್ಮಿಕರು ಬಹುಸಂಖ್ಯೆಯಲ್ಲಿದ್ದರು, ಕರಿಯರ ಕೊಲೆಗಳಾದವು, ಕರಿಯ ಮಕ್ಕಳ ಅನಾಥಾಲಯ ಸುಟ್ಟುಹೋಯಿತು. ಮುಂದೆ 1884ರಲ್ಲಿ ಬಾಸ್ಟನ್ ನಗರ ಐರ್ಲೆಂಡಿನಲ್ಲಿ ಜನಿಸಿದ ಹ್ಯೂ ಒಬ್ರಿಯನ್‌ರನ್ನು ಮೇಯರನ್ನಾಗಿ ಆರಿಸಿತು.

ತೊರೆದ ನೆಲದ ರಾಜಕೀಯವನ್ನೂ ಈ ವಲಸಿಗರು ತಿದ್ದಿದರು. ನ್ಯೂಯಾರ್ಕಿನಲ್ಲಿಯೇ ಹುಟ್ಟಿದ ಡಿ ವಲೇರಾ 1919-20ರಲ್ಲಿ ಅಮೆರಿಕದಲ್ಲಿ ಸಂಚರಿಸಿ ಐರಿಷ್ ಗಣರಾಜ್ಯಕ್ಕಾಗಿ 50 ಲಕ್ಷ ಡಾಲರುಗಳಿಗೂ ಮಿಕ್ಕಿ ಸಂಗ್ರಹಿಸಿದರು. 2022ರ ಜನಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ ನಿವಾಸಿಗಳ ಐದನೆಯ ಒಂದು ಭಾಗ ಹೊರದೇಶಗಳಲ್ಲಿ ಹುಟ್ಟಿದವರಾಗಿದ್ದರು. ಉತ್ತರ ಐರ್ಲೆಂಡನ್ನು ಸೇರಿಸಿದರೂ ದ್ವೀಪದ ಜನಸಂಖ್ಯೆ ಆಗಲೂ 1841ರ ಮಟ್ಟವನ್ನು ಮುಟ್ಟಿರಲಿಲ್ಲ.