ಎರಿನೆಲದ ದಾರಿ, ಹೊಳೆಯ ದಂಡೆ: ಮಲಪ್ರಭಾ ಕಣಿವೆಯ ಸೈಕಲ್ ಪ್ರಯಾಣದ ಚರಿತ್ರೆ

ಸೈಕಲ್ ಪ್ರವಾಸದ ಚರಿತ್ರೆ ಬರೆಯುವವರು ಮೊದಲು ಕೈಹಾಕುವುದು ಕ್ಲಬ್ಬುಗಳ ದಾಖಲೆಗೆ. ಇಂಗ್ಲೆಂಡಿನ ಮಟ್ಟಿಗೆ ಅದು ಸರಿಯಾದ ಕ್ರಮ. ಅಲ್ಲಿ 1878ರಲ್ಲಿ ಹ್ಯಾರೊಗೇಟ್ ಎಂಬಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಹುಟ್ಟಿತು. 1883ರಲ್ಲಿ ಅದರ ಹೆಸರು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದಾಯಿತು. ಕಡಿದಾದ ಇಳಿಜಾರಿನ ಮೇಲೆ ಎಚ್ಚರಿಕೆಯ ಫಲಕ ನೆಡುವುದು, ಸದಸ್ಯರಿಗೆ ಕಡಿಮೆ ದರದಲ್ಲಿ ಊಟ ವಸತಿ ಗೊತ್ತುಮಾಡುವುದು ಅದರ ಕೆಲಸವಾಗಿತ್ತು. ಅದಕ್ಕೂ ಹಿಂದೆ, 1782ರಲ್ಲಿ, ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ಕಣಿವೆಯನ್ನು ಕುರಿತು ಪುಸ್ತಕ ಪ್ರಕಟಿಸಿ, ಹೊಳೆಯ ದಂಡೆಯನ್ನು ಸುಮ್ಮನೆ ನೋಡುತ್ತಾ ಹೋಗುವುದಕ್ಕೂ ಒಂದು ಶಿಸ್ತು ಉಂಟೆಂದು ತೋರಿಸಿದ್ದ. ಆಮೇಲೆ ಬಂದ ಸೈಕಲ್ ಸವಾರರಿಗೆ ಕಣ್ಣೂ ದಾರಿಯೂ ಸಿದ್ಧವಾಗಿದ್ದವು.

ಇದೇ ಅಳತೆಗೋಲು ಹಿಡಿದು ರೋಣ ತಾಲ್ಲೂಕಿನ ಸವಡಿಗೆ ಬಂದರೆ ಕ್ಲಬ್ಬಿನ ನಡಾವಳಿಯಾಗಲಿ ಪ್ರವಾಸ ಕಥನವಾಗಲಿ ಸಿಕ್ಕುವುದಿಲ್ಲ. ಹಾಗೆಂದು ಇಲ್ಲಿ ಖುಷಿಗಾಗಿ ಸೈಕಲ್ ತುಳಿದವರೇ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಸೀಮೆಯ ವಿರಾಮದ ಪ್ರಯಾಣ ಜಾತ್ರೆ, ಸಂತೆ, ಮಠ, ಬೀಗರ ಊರುಗಳ ಜೊತೆ ಹೆಣೆದುಕೊಂಡಿತ್ತು. ಅದನ್ನು ಅಲ್ಲಿಯೇ ಹುಡುಕಬೇಕು.

ನೆಲದಿಂದ ಶುರುಮಾಡೋಣ. ಬ್ರಹ್ಮ, ನಾರಾಯಣರ ಹಳೆಯ ಗುಡಿಗಳಿರುವ ಸವಡಿ ಎರಿನೆಲದ ಬಯಲಿನ ಊರು. ತಾಲ್ಲೂಕಿನ ಉತ್ತರದ ಅಂಚಿಗೆ ಮಲಪ್ರಭೆ ಹರಿಯುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಸೀಮೆ ದಾಟಿ, ಕೊಣ್ಣೂರು, ಹೊಳೆಆಲೂರಿನ ಕಡೆಯಿಂದ ಮುಂದೆ ಸಾಗಿ ಬಾದಾಮಿಯ ಕೆಂಪುಕಲ್ಲಿನ ಗುಡ್ಡಗಳ ನಡುವೆ ನುಗ್ಗುತ್ತದೆ. ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಹರಿದು, ಐಹೊಳೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಮೆಣಸಗಿಯ ಬಳಿ ಬೆಣ್ಣಿಹಳ್ಳ ಬಂದು ಕೂಡುತ್ತದೆ. ಸೈಕಲ್ ಸವಾರನಿಗೆ ಇದರಷ್ಟು ಅನುಕೂಲದ ಕಣಿವೆ ಅಪರೂಪ: ಗುಡ್ಡದ ಸೀಮೆ ಬರುವವರೆಗೆ ದೊಡ್ಡ ಏರಿಲ್ಲ, ದಾರಿ ಸಮತಟ್ಟು, ಊರಿನಿಂದ ಊರು ಕಾಣುತ್ತದೆ.

ಆದರೆ ಅದೇ ಎರಿ ಮಳೆಗಾಲದಲ್ಲಿ ಕಾಲು ಹಿಡಿಯುತ್ತದೆ. ಡಾಂಬರು ಬರುವ ಮೊದಲು ಒಂದು ಹದ ಮಳೆಯಾದರೂ ಸಾಕು, ಮಣ್ಣು ಗಾಲಿಗೆ ಮೆತ್ತಿ ಮಡಗಾರ್ಡಿನೊಳಗೆ ಗಟ್ಟಿಯಾಗಿ ಕೂಡುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಕಡ್ಡಿ ಹಿಡಿದು ಕೆದರಬೇಕು, ಹತ್ತು ಹೆಜ್ಜೆ ನೂಕಬೇಕು, ಮತ್ತೆ ಕೆದರಬೇಕು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಊರು ಸೇರುವುದು. ಆದ್ದರಿಂದ ಈ ಕಣಿವೆಯಲ್ಲಿ ಸೈಕಲ್ಲಿಗೆ ಒಂದು ಋತುವಿತ್ತು. ಹಿಂಗಾರಿ ಬಿತ್ತನೆ ಮುಗಿದು ನೆಲ ಒಣಗಿ, ಬಂಡಿಜಾಡು ಗಟ್ಟಿಯಾದ ಮೇಲೆ ಅದು ತೆರೆದುಕೊಳ್ಳುತ್ತಿತ್ತು. ಮುಂಗಾರು ಹಿಡಿದೊಡನೆ ಮುಚ್ಚುತ್ತಿತ್ತು. ಜಾತ್ರೆಗಳ ಋತುವೂ ಅದೇ. ಇವೆರಡೂ ಒಂದೇ ಕಾಲಕ್ಕೆ ಬಿದ್ದದ್ದೇ ಇಲ್ಲಿಯ ಸೈಕಲ್ ಪ್ರಯಾಣಕ್ಕೆ ಅದರ ರೂಪ ಕೊಟ್ಟಿತೆಂಬುದು ನನ್ನ ವಾದ.

ಹೊರಗಿನವರು ಈ ಕಣಿವೆಯನ್ನು ನೋಡಲು ಬಂದದ್ದು ಸೈಕಲ್ಲಿಗಿಂತ ಮೊದಲು. ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇ ವರೆಗೆ ಬೆಳಗಾವಿ, ಕಲಾದಗಿ ಜಿಲ್ಲೆಗಳ ಗುಡಿಗಳ ಸಮೀಕ್ಷೆ ಮಾಡಿ ವರದಿ ಬರೆದ. ತಿಂಗಳುಗಳನ್ನು ಗಮನಿಸಬೇಕು, ಅವನೂ ಒಣದಿನಗಳನ್ನೇ ಆರಿಸಿಕೊಂಡ. ಹತ್ತು ವರ್ಷಗಳ ಮೇಲೆ ಸದರ್ನ್ ಮರಾಠಾ ರೈಲ್ವೆಯವರು ಹುಟಗಿ–ಗದಗ ಮಾರ್ಗ ಹಾಕಿದರು. ಹೊಳೆಆಲೂರು, ಬಾದಾಮಿಗಳಿಗೆ ಸ್ಟೇಷನ್ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1885ರಲ್ಲಿ, ಕವೆಂಟ್ರಿಯ ಜೆ. ಕೆ. ಸ್ಟಾರ್ಲಿ ಎರಡೂ ಗಾಲಿ ಬಹುಮಟ್ಟಿಗೆ ಸಮವಾಗಿರುವ ‘ರೋವರ್’ ಸೈಕಲ್ ತಂದ; 1888ರಲ್ಲಿ ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ಟೈರು ಕೊಟ್ಟ.

ಆ ಟೈರು ಭಾರತದ ದಾರಿಯ ಮೇಲೆ ಏನಾಯಿತೆಂಬುದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಗಂಡ ವಿಲಿಯಂ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಇವರು ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಸೈಕಲ್ ಮೇಲೆ ಗುಡಿಗಳನ್ನೂ ಜನರನ್ನೂ ನೋಡುತ್ತಾ ಹೋದರು. 1904ರಲ್ಲಿ ಬಂದ ಅವರ ಪುಸ್ತಕದ ಶೀರ್ಷಿಕೆಯೇ 14,000 ಮೈಲಿ ತುಳಿದದ್ದನ್ನು ಹೇಳುತ್ತದೆ. ಒಂದೊಂದು ದಿನ 40ರವರೆಗೆ ಪಂಚರ್ ತಿದ್ದಿಕೊಳ್ಳಬೇಕಾಗಿತ್ತಂತೆ. ಜಾಲಿಮುಳ್ಳಿನ ಸೀಮೆಯವರಿಗೆ ಇದು ಉತ್ಪ್ರೇಕ್ಷೆ ಅನ್ನಿಸಲಾರದು. ಗುಡಿ ನೋಡಲು ಸೈಕಲ್ಲೇ ತಕ್ಕ ವಾಹನವೆಂಬ ಅವರ ಕಲ್ಪನೆ ಮುಂದೆ ಬಾದಾಮಿಯಲ್ಲಿ ಬಾಡಿಗೆ ಸೈಕಲ್ ಹಿಡಿದು ಮಹಾಕೂಟ, ಪಟ್ಟದಕಲ್ಲಿಗೆ ಹೊರಟ ಅದೆಷ್ಟೋ ಪ್ರವಾಸಿಗರಲ್ಲಿ ಮುಂದುವರಿಯಿತು.

ಊರವರ ಕೈಗೆ ಸೈಕಲ್ ಬಂದದ್ದು ನಿಧಾನವಾಗಿ. ವಿಲಾಯತಿ ಸೈಕಲ್ ಇದ್ದದ್ದು ಅನುಕೂಲವಂತರ ಮನೆಯಲ್ಲಿ. 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೊ ಶುರುವಾದ ಮೇಲೆ ಕಪ್ಪು ಬಣ್ಣದ ಗಟ್ಟಿ ಸೈಕಲ್ ಹಳ್ಳಿಗೆ ಇಳಿಯಿತು. ಕೊಳ್ಳಲಾಗದವರಿಗೆ ತಾಸಿನ ಲೆಕ್ಕದ ಬಾಡಿಗೆ ಅಂಗಡಿ. ಸೈಕಲ್ ಚರಿತ್ರೆಯಲ್ಲಿ ಈ ಅಂಗಡಿಯ ಪಾತ್ರಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಹುಡುಗರು ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆದು ಕಲಿತದ್ದು ಬಾಡಿಗೆ ಸೈಕಲ್ಲಿನಲ್ಲಿ. ಟ್ಯೂಬಿಗೆ ಹವಾ ತುಂಬಿ ನೀರಿನ ಬುಟ್ಟಿಯಲ್ಲಿ ತುಸುತುಸುವೇ ಅದ್ದುತ್ತಾ ಗುಳ್ಳೆ ಏಳುವ ಜಾಗ ಹುಡುಕುವುದು, ಅಲ್ಲಿ ಒರಸಿ ಒಣಗಿಸಿ ಪಾಲೀಸ್ ಪೇಪರಿನಿಂದ ತಿಕ್ಕುವುದು, ಸಲ್ಯೂಷನ್ ಸವರಿ ಅದು ಅಂಟುಹದಕ್ಕೆ ಬರುವವರೆಗೆ ಕಾಯುವುದು, ರಬ್ಬರ್ ತುಂಡು ಹಚ್ಚಿ ಬಡಿಯುವುದು, ಮುಳ್ಳು ಇನ್ನೂ ಟೈರಿನಲ್ಲೇ ಇದೆಯೋ ಎಂದು ಬೆರಳಾಡಿಸಿ ನೋಡುವುದು: ಈ ವಿದ್ಯೆ ಹಳ್ಳಿಗೊಬ್ಬರಿಗೆ ಬಂದ ಮೇಲೆಯೇ ದೂರದ ಪ್ರಯಾಣಕ್ಕೆ ಧೈರ್ಯ ಬಂದದ್ದು.

ದೂರದ ಪ್ರಯಾಣವೆಂದರೆ ಮುಖ್ಯವಾಗಿ ಬನಶಂಕರಿ. ಪುಷ್ಯದ ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬಳಿ ತೇರು; ಜಾತ್ರೆ ತಿಂಗಳೊಪ್ಪತ್ತು ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಅಲ್ಲಿ ಸಾಲಾಗಿ ಠಾಣ್ಯ ಹೂಡುತ್ತವೆ. ಚಕ್ಕಡಿಯಲ್ಲಿ ಮನೆಮಂದಿ ಹೋದರೆ, ಹರೆಯದವರು ಸೈಕಲ್ ಮೇಲೆ, ಕ್ಯಾರಿಯರಿಗೊಬ್ಬ ಮುಂದೊಬ್ಬ ಗೆಳೆಯನನ್ನು ಕೂಡಿಸಿಕೊಂಡು ಹೋಗುವುದು ರೂಢಿಯಾಯಿತು. ದೇವಿಗೆ ಕೈಮುಗಿದು, ಹರಿದ್ರಾತೀರ್ಥದ ಹೊಂಡದ ಮೆಟ್ಟಿಲ ಮೇಲೆ ಕುಂತು, ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳಿಂದ ಜೋಳದ ರೊಟ್ಟಿ, ಪಲ್ಯ, ಹಿಂಡಿ, ಗಟ್ಟಿ ಮೊಸರು ಕೊಂಡು ಉಣ್ಣುವುದು; ರಾತ್ರಿಯೆಲ್ಲ ನಾಟಕ ನೋಡಿ ಬೆಳಗಿನ ತಂಪಿನಲ್ಲಿ ಊರಿನ ಕಡೆ ತುಳಿಯುವುದು. ಹೋಗುವಾಗಲೋ ಬರುವಾಗಲೋ ಶಿವಯೋಗ ಮಂದಿರ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಬಂದವರಿಗೆ ಪ್ರಸಾದವಿರುತ್ತದೆ. ಇಂಗ್ಲೆಂಡಿನ ಕ್ಲಬ್ಬು ಚಂದಾ ಎತ್ತಿ ಒದಗಿಸಿದ ಊಟ ವಸತಿಯನ್ನು ಇಲ್ಲಿ ಮಠದ ದಾಸೋಹ, ಗುಡಿಯ ಪಡಸಾಲೆ, ಬೀಗರ ಮನೆಯ ಕಟ್ಟೆಗಳು ಒದಗಿಸಿದವು. ಹರಕೆಯ ನೆವ ಇದ್ದ ಮಾತ್ರಕ್ಕೆ ಇದನ್ನು ವಿರಾಮದ ಪ್ರವಾಸವೆಂದು ಎಣಿಸದಿರುವುದು ತಪ್ಪು. ಹೊಳೆ, ಬೆಳೆ, ಗುಡ್ಡ ನೋಡುತ್ತಾ ಮಾತಾಡುತ್ತಾ ನಿಂತು ನಿಂತು ಹೋದ ಪ್ರಯಾಣವಿದು.

ಆ ಕಾಲಕ್ಕೆ ಪಟ್ಟಣಗಳಲ್ಲಿ ಸೈಕಲ್ಲಿಗೆ ಕರವಿತ್ತು, ಕರ ಕಟ್ಟಿದ್ದಕ್ಕೆ ತಗಡಿನ ಬಿಲ್ಲೆ ಕೊಡುತ್ತಿದ್ದರು, ರಾತ್ರಿ ದೀಪ ಕಡ್ಡಾಯವಾಗಿತ್ತು. ಡಬಲ್ ಹೊಡೆದರೆ ದಂಡ ಬೀಳುತ್ತಿತ್ತು. ಹಳ್ಳಿಯ ದಾರಿಯಲ್ಲಿ ಈ ಕಾಟ ಕಡಿಮೆಯಿತ್ತು.

1990ರ ದಶಕದಿಂದ ಮೋಟರ್ ಬೈಕು, ಟಂಟಂ ಬಂದು ಜಾತ್ರೆಯ ಸೈಕಲ್ ಕಡಿಮೆಯಾಯಿತು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ರಾಜ್ಯಕ್ಕೆ ಸಾಲುಸಾಲು ಸೈಕ್ಲಿಂಗ್ ಪಟುಗಳನ್ನು ಕೊಟ್ಟವು. ಆದರೆ ಪಂದ್ಯದ ಸೈಕಲ್ಲಿನ ಕಥೆ ಬೇರೆ. ಹೆಚ್ಚು ತೂಕದ ಬದಲಾವಣೆ 2006–07ರಲ್ಲಿ, ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಆಯಿತು. ಅಲ್ಲಿಯವರೆಗೆ ಕ್ಯಾರಿಯರ್ ಮೇಲೆ ಕೂತು ಹೋಗುತ್ತಿದ್ದ ಹೆಣ್ಣುಮಕ್ಕಳು ಹ್ಯಾಂಡಲ್ ಹಿಡಿದರು. ಈ ಕಣಿವೆಯ ಸೈಕಲ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ನನಗೆ ಕಾಣುವುದಿಲ್ಲ.

ಇಂದು ಸವಡಿಯಿಂದ ಹೊಳೆಯ ಕಡೆಗೆ, ಅಲ್ಲಿಂದ ಪಟ್ಟದಕಲ್ಲಿಗೆ ಸೈಕಲ್ ಮೇಲೆ ಹೊರಡುವವರಿಗೂ ಹಳಬರ ಪಂಚಾಂಗವೇ ಸರಿ. 2019ರ ಆಗಸ್ಟಿನ ನೆರೆಯಲ್ಲಿ ಈ ದಂಡೆಯ ಊರುಗಳು ನೀರಿನಲ್ಲಿ ನಿಂತದ್ದು ಯಾರೂ ಮರೆತಿಲ್ಲ, ಶ್ರಾವಣ ಬೇಡ. ಆಷಾಢದ ಪಡುವಣ ಗಾಳಿಯೂ ಬೇಡ. ಪುಷ್ಯದಲ್ಲಿ ಬಿಳಿಜೋಳ ತೆನೆ ಹಿಡಿದಿರುತ್ತದೆ, ಕಡಲೆ ಕಾಯಿಗಟ್ಟಿರುತ್ತದೆ, ಕುಸುಬಿ ಹೂ ಬಿಟ್ಟಿರುತ್ತದೆ. ಆಗ ಗಾಳಿ ಬೀಸುವುದು ಮೂಡಣದಿಂದ. ಹೋಗುವಾಗ ಅದು ಎದುರಾಗಿ ಕಾಲು ನೋಯಿಸುತ್ತದೆ. ಜಾತ್ರೆ ಮುಗಿಸಿ ದಣಿದು ಬರುವಾಗ ಬೆನ್ನಿಗಿರುತ್ತದೆ.